ಆಯಿ ನೀರು ಹಾಕಿದ ಗಡ್ಡೆ

ಒಣಮಣ್ಣಿಗೆ ನೀರು ಬಿದ್ದಾಗ ಏಳುವ ವಾಸನೆಯನ್ನು ಎಲ್ಲರೂ ಮಳೆಯ ಹೆಸರಿಗೆ ಬರೆಯುತ್ತಾರೆ. ಅದರಲ್ಲಿ ನನ್ನದೊಂದು ತಕರಾರಿದೆ. ನಾನು ಬೆಳೆದ ಬೇವೂರಿನ ಮನೆಯಲ್ಲಿ ಆ ವಾಸನೆಗೂ ಮಳೆಗೂ ಸಂಬಂಧವಿರಲಿಲ್ಲ. ಅದು ಬೇಸಿಗೆಯ ಮುಂಜಾನೆ, ಹಿತ್ತಲಿನ ಒಂದೇ ಮೂಲೆಯಿಂದ, ಒಂದು ತಾಮ್ರದ ಚೆಂಬಿನಷ್ಟು ಮಾತ್ರ ಏಳುತ್ತಿತ್ತು. ಮೊನ್ನೆ ಕೊಪ್ಪಳದ ನಮ್ಮ ಬಾಡಿಗೆ ಮನೆಯ ಮುಂದೆ ಪಕ್ಕದ ಮನೆಯಾಕೆ ಪಾಪ, ಒಣಗಿ ಬಿರುಕು ಬಿಟ್ಟ ನನ್ನ ಗಿಡದ ಮಡಿಯನ್ನು ನೋಡಲಾರದೆ ಒಂದು ಬಕೆಟ್ ನೀರು ಸುರಿದಳು. ಬಾಗಿಲಲ್ಲಿ ನಿಂತಿದ್ದ ನನಗೆ ಆ ವಾಸನೆ ಬಡಿಯಿತು. ಮೆಟ್ಟಿಲ ಮೇಲೆ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದ ನೀಲವ್ವ ಅತ್ತೆ, ಎಂದರೆ ನಮ್ಮಪ್ಪನ ತಂಗಿ, ತಲೆ ಎತ್ತಿ ಆಕೆಗೆ ಒಂದು ಮಾತು ಹೇಳಿದಳು. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ. ಅದಕ್ಕೆ ಮೊದಲು, ನಮ್ಮ ಮನೆತನದಲ್ಲಿ ಚಾಲ್ತಿಯಲ್ಲಿರುವ ಕಥೆಯೊಂದನ್ನು ಎದುರಿಗಿಟ್ಟುಕೊಳ್ಳಬೇಕು. ನಮ್ಮ ಆಯಿ, ಅಪ್ಪನ ತಾಯಿ, ಮಗಳು ಗಂಡನ ಮನೆಗೆ ಹೋಗಲಿ ಎಂದು ವರ್ಷಗಟ್ಟಲೆ ಒಂದು ಗಡ್ಡೆಗೆ ನೀರು ಹಾಕಿದಳಂತೆ. ಗಡ್ಡೆ ಹೂ ಬಿಡಲಿಲ್ಲವಂತೆ. ಆಯಿ ಸತ್ತ ಮೇಲಿನ ಬೇಸಿಗೆಯಲ್ಲಿ ಅದು ಹೂ ಬಿಟ್ಟಿತಂತೆ, ಏಕೆಂದರೆ ಆಯಿಯೇ ಹೂವಾಗಿ ಬಂದಳಂತೆ. ಮದುವೆ, ಸೀಮಂತ, ತಿಥಿ, ಎಲ್ಲಿ ನಾಲ್ಕು ಜನ ಸೇರಿದರೂ ಈ ಕಥೆ ಬರುತ್ತದೆ. ಕೇಳಿದವರು ಕಣ್ಣೊರೆಸಿಕೊಳ್ಳುತ್ತಾರೆ. ನಾನು ಒರೆಸಿಕೊಳ್ಳುವುದಿಲ್ಲ. ಹೂ ಬಿಟ್ಟಿದ್ದು ನಿಜ, ನಾನೇ ನೋಡಿದ್ದೇನೆ. ಆದರೆ ಕಾರಣ?

ಗಡ್ಡೆಯ ಪರಿಚಯ ಮೊದಲು ಆಗಲಿ. ನಮ್ಮ ಕಡೆ ಊರಾಚೆಯ ಗರಸು ನೆಲದ ಹುಲ್ಲುಗಾವಲಿಗೆ ಮಡ್ಡಿ ಅನ್ನುತ್ತಾರೆ. ಅಲ್ಲಿ ತಾನೇ ಬೆಳೆಯುವ ಒಂದು ಗಡ್ಡೆಗೆ ಅಡವಿ ಉಳ್ಳಾಗಡ್ಡಿ ಎಂದು ಹೆಸರು. ನೋಡಲು ಉಳ್ಳಾಗಡ್ಡಿಯೇ, ಆದರೆ ಬಾಯಿಗೆ ಇಟ್ಟರೆ ವಿಷ, ಕೈಗೆ ರಸ ತಾಗಿದರೆ ತುರಿಕೆ. ಕುರಿ ಮೇಕೆ ಮೂಸಿ ಬಿಟ್ಟು ಮುಂದೆ ಹೋಗುತ್ತವೆ. ಮಳೆ ಬಿದ್ದ ಮೇಲೆ ಪಟ್ಟಿಯಂಥ ಎಲೆಗಳು ಬರುತ್ತವೆ, ಚಳಿ ಮುಗಿಯುವುದರೊಳಗೆ ಒಣಗಿ ಮಣ್ಣಾಗುತ್ತವೆ. ಆಮೇಲೆ ಅಲ್ಲೊಂದು ಜೀವ ಇದೆ ಎಂದು ಹೇಳಲು ಏನೂ ಉಳಿಯುವುದಿಲ್ಲ. ಕುಷ್ಟಗಿ ಕಡೆಯಿಂದ ಬೀಸುವ ಬಿಸಿಗಾಳಿಗೆ ಬೇವಿನ ಎಲೆಯೂ ಮುದುಡುವ ಹೊತ್ತಿಗೆ, ಆ ಬೋಳು ನೆಲದಿಂದ ಎಲೆಯಿಲ್ಲದ ಒಂದು ಒಂಟಿ ಕಡ್ಡಿ ಮೇಲೇಳುತ್ತದೆ. ಅದರ ತುಂಬ ಮಬ್ಬು ಬಿಳುಪಿನ ಸಣ್ಣ ಗಂಟೆಗಳಂಥ ಹೂಗಳು, ತಲೆ ತಗ್ಗಿಸಿಕೊಂಡು, ಹೊತ್ತು ಇಳಿದ ಮೇಲೆ ಅರಳುತ್ತವೆ. ಚೆಂದದ ಹೂವೇನಲ್ಲ. ಅದನ್ನು ಯಾರೂ ಮುಡಿಯುವುದಿಲ್ಲ, ಯಾವ ದೇವರಿಗೂ ಏರಿಸುವುದಿಲ್ಲ. ಹಿತ್ತಲಿಗೆ ತಂದು ನೆಡುವವರಂತೂ ಇಲ್ಲ. ನೀಲವ್ವ ಅತ್ತೆ ತಂದು ನೆಟ್ಟಳು.

ಅತ್ತೆಯನ್ನು ಗಂಗಾವತಿಯ ಆಚೆ, ಕಾಲುವೆ ಸೀಮೆಯ ಒಂದು ಊರಿಗೆ ಕೊಟ್ಟಿದ್ದರು. ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ, ದೀಪಾವಳಿಗೆಂದು ತವರಿಗೆ ಬಂದವಳು ಹಿಂದಿರುಗಲಿಲ್ಲ. ಕಾರಣ ಗುಟ್ಟಿನದೇನಲ್ಲ. ಅತ್ತೆಗೆ ಮಕ್ಕಳಾಗಲಿಲ್ಲವೆಂದು ಅವಳ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದ. ಅತ್ತೆ ಹಬ್ಬದ ಮರುದಿನವೇ ಗುದ್ದಲಿ ಹಿಡಿದು ಮಡ್ಡಿಗೆ ಹೋಗಿ, ಎಲೆ ಹಳದಿಯಾಗಿದ್ದ ಒಂದು ಗಡ್ಡೆಯನ್ನು ಅಗೆದು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಬಚ್ಚಲ ನೀರು ತಾಗದ, ಮುರಿದ ಗೋಡೆಯ ಬುಡದ ಮೂಲೆಯಲ್ಲಿ, ಕಲ್ಲು ಹರಳು ಬೆರೆಸಿ, ಗಡ್ಡೆಯ ಕುತ್ತಿಗೆ ಮಣ್ಣಿನ ಮೇಲೆ ಕಾಣುವಂತೆ ನೆಟ್ಟಳು. ಯಾಕೆ ಎಂದು ಕೇಳಿದೆ. ನಾನು ಆಗಲೂ ಕೇಳುವವಳೇ. "ನಂದು ಅಂತ ಒಂದರ ಇರಲಿ ಬಿಡ ಈ ಮನ್ಯಾಗ, ವಕೀಲಿ," ಅಂದಳು. ನನ್ನನ್ನು ಅವಳು ಹಾಗೇ ಕರೆಯುತ್ತಿದ್ದಳು.

ಆ ಮನೆಯನ್ನು ನೀವು ನೋಡಬೇಕಿತ್ತು. ಇಲ್ಲ, ನೀವೂ ಅಂಥದ್ದರಲ್ಲೇ ಬೆಳೆದಿದ್ದರೆ ನೋಡಿದ ಹಾಗೇ ಲೆಕ್ಕ. ಮಣ್ಣಿನ ಮಾಳಿಗೆ, ಆಳುದ್ದ ಅಗಲದ ಗೋಡೆ, ಒಳಗೆ ಬಂದ ಕೂಡಲೇ ಎತ್ತು ಎಮ್ಮೆಗಳ ಉಸಿರು, ಮೂರು ಮೆಟ್ಟಿಲು ಏರಿದರೆ ಪಡಸಾಲೆ, ಅದರಾಚೆ ಕತ್ತಲೆಯ ಅಡುಗೆಮನೆ. ಅಡುಗೆಮನೆಗೆ ಬೆಳಕು ಬರುತ್ತಿದ್ದುದು ಮಾಳಿಗೆಯ ಬೆಳಕಿಂಡಿಯೊಂದರಿಂದ. ಆ ಬೆಳಕಿನ ಕಂಬದಲ್ಲಿ ಒಲೆಯ ಹೊಗೆ ಸುತ್ತುತ್ತ ಮೇಲೇರುವುದನ್ನು ನೋಡುತ್ತ ನಾನು ಮಗ್ಗಿ ಕಲಿತಿದ್ದೇನೆ. ನೆಲದೊಳಗಿನ ಜೋಳದ ಗುಳಿ, ಹಗೇವು, ತೆಗೆದ ದಿನದ ಮುಗ್ಗಲು ವಾಸನೆ, ಹೊಸ ಸಗಣಿ ಸಾರಿಸಿದ ನೆಲದ ತಂಪು, ರೊಟ್ಟಿ ಬಡಿಯುವ ಸದ್ದು, ಇವೆಲ್ಲ ನನಗೂ ನೆನಪಿವೆ. ಆದರೆ ಇವುಗಳ ಹೆಸರಿನಲ್ಲಿ ಆ ಮನೆಯನ್ನು ಸ್ವರ್ಗ ಮಾಡಲಾರೆ. ಆ ದಪ್ಪ ಗೋಡೆಗಳ ನಡುವೆ ಒಬ್ಬ ಹೆಂಗಸು ಉಳಿಯಬೇಕೋ ಹೋಗಬೇಕೋ ಎಂಬುದನ್ನು ಅವಳನ್ನು ಬಿಟ್ಟು ಉಳಿದವರೆಲ್ಲ ಮಾತಾಡುತ್ತಿದ್ದರು. ಅದೂ ಆ ಮನೆಯದೇ ಸದ್ದು.

ಸಂಕ್ರಾಂತಿ ಕಳೆದ ಮೇಲೆ ಅತ್ತೆಯ ಮಾವ ನಾಲ್ಕು ಹಿರಿಯರನ್ನು ಕಟ್ಟಿಕೊಂಡು ಬಂದರು. ಬಿಳಿ ಧೋತರದ, ಹೊಟ್ಟೆ ತುಂಬ ನಗುವ ಮನುಷ್ಯ. "ನಮ್ಮ ಮನ್ಯಾಗ ಇಬ್ಬರಿಗೂ ಜಾಗ ಐತ್ರಿ. ಅನ್ನಕ್ಕೇನು ಬರ ಐತೇನು?" ಅಂದರು. ನನ್ನ ದೊಡ್ಡಪ್ಪ, ಎಂದರೆ ಅತ್ತೆಯ ಹಿರಿಯ ಅಣ್ಣ, ನೆಲ ನೋಡುತ್ತ ಕೂತಿದ್ದ. ಅವನ ಮಗಳಿಗೆ ಗಂಡು ನೋಡುವ ಹೊತ್ತು. ತಿರುಗಿ ಬಂದ ಹೆಣ್ಣುಮಗಳಿರುವ ಮನೆ ಎಂದು ಬೀಗರು ಮೂಗು ಮುರಿದಾರು ಎಂಬ ಭಯ ಅವನದು. ಬೈಯುವ ಮನುಷ್ಯನಲ್ಲ, ಅತ್ತೆಗೂ ಬೈಯಲಿಲ್ಲ, ಆದರೆ ಇರು ಎಂದೂ ಅನ್ನಲಿಲ್ಲ. ಕೊನೆಗೆ ಹಿರಿಯರೊಬ್ಬರು ಹೇಮಗುಡ್ಡಕ್ಕೆ ಹೋಗಿ ದುರ್ಗಮ್ಮನ ಹತ್ತಿರ ಹೂ ಕೇಳೋಣ ಅಂದರು. ನಮ್ಮಲ್ಲಿ ತೀರ್ಮಾನ ಆಗದ್ದನ್ನು ಹಾಗೆ ತೀರ್ಮಾನ ಮಾಡುವುದುಂಟು. ದೇವರ ಮೈಮೇಲೆ ಒದ್ದೆ ಹೂ ಅಂಟಿಸಿ, ಮನಸ್ಸಿನ ಪ್ರಶ್ನೆ ಹೇಳಿ ಕೂತರೆ, ಬಲಗಡೆಯ ಹೂ ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ.

ಆಗ ಅಡುಗೆಮನೆಯ ಬಾಗಿಲ ಹಿಂದಿನಿಂದ ಅತ್ತೆಯ ದನಿ ಬಂತು. ಆ ದಿನ ಅವಳು ಮಾತಾಡಿದ್ದು ಅದೊಂದೇ ಸಲ. "ಗುಡ್ಯಾಗಿನ ಹೂವಿಗೆ ಯಾರ್ಯಾರ ಕೈ ತಾಗಿರತಾವೋ. ಹಿತ್ತಲದಾಗ ನಾ ಒಂದು ಗಡ್ಡಿ ಇಟ್ಟೀನಿ. ಅದು ಹೂ ಕೊಡಲಿ. ಕೊಟ್ಟ ದಿನ ನಾನ ಗಂಟು ಕಟ್ಕೊಂಡು ಬಸ್ಸು ಹತ್ತತೀನಿ."

ಅತ್ತೆಯ ಮಾವನಿಗೆ ನಗು ಬಂತು. "ಇಷ್ಟನ? ನಮ್ಮ ಕಾಲುವಿ ಕಡೆ ಇವತ್ತು ನಾಟಿ ಹಚ್ಚಿದ್ರ ಕಣ್ಣು ಮುಚ್ಚಿ ತೆಗ್ಯೂದ್ರಾಗ ಕೊಯ್ಲಿಗೆ ಬರತೈತಿ. ನೀರು ಹಾಕ್ರಿ, ನೀರು. ನಿಮ್ಮ ಕಡೆ ಎಲ್ಲಾ ಒಣಗಿ ನಿಂತಿರೂದು ನೀರಿಲ್ಲದ್ದಕ್ಕ." ಎಲ್ಲರೂ ತಲೆದೂಗಿದರು. ಅವರ ಸೀಮೆಯಲ್ಲಿ ಕಾಲುವೆ ಬಂದ ಮೇಲೆ ಎಲ್ಲ ಪ್ರಶ್ನೆಗೂ ನೀರೇ ಉತ್ತರ. ನಮ್ಮವರಿಗೋ, ನೀರಿಲ್ಲದವರಿಗೆ ನೀರಿನ ಮೇಲೆ ಇರುವ ಭಕ್ತಿ. ದೊಡ್ಡಪ್ಪ ಆಯಿಯ ಕಡೆ ತಿರುಗಿ, "ಅವ್ವಾ, ದಿನಾ ಒಂದು ಚೆಂಬು ಹಾಕಿ ಬಿಡು," ಅಂದ. ಆಯಿ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ, ಬಂದವರಿಗೆಲ್ಲ ಕೇಳುವ ಹಾಗೆ ಹೇಳಿದಳು: "ಹಾಕ್ತೀನಿ ಬಿಡಪ. ನನಗೂ ಮಗಳು ಗಂಡನ ಮನ್ಯಾಗ ಇರೂದ ಬೇಕು."

ಮರುದಿನದಿಂದ ಶುರುವಾಯಿತು. ನೀರು ನಮ್ಮಲ್ಲಿ ಸುಮ್ಮನೆ ಸಿಗುವ ವಸ್ತುವಾಗಿರಲಿಲ್ಲ. ಕೊಳವೆಬಾವಿಯ ತೊಟ್ಟಿಯ ಮುಂದೆ ಕೊಡಗಳ ಸಾಲು, ಕರೆಂಟು ಬಂದರೆ ನೀರು, ಇಲ್ಲದಿದ್ದರೆ ಜಗಳ. ಆಯಿಯ ದುಂಡುಮಲ್ಲಿಗೆ ಆ ಬೇಸಿಗೆ ಒಣಗಿ ಕಡ್ಡಿಯಾಯಿತು. ಕರಿಬೇವು ಎಲೆ ಉದುರಿಸಿತು. ಗಡ್ಡೆಗೆ ಮಾತ್ರ ಮುಂಜಾನೆಯ ಚೆಂಬು ತಪ್ಪಲಿಲ್ಲ. ಆಯಿ ಬಗ್ಗಿ, ಸೊಂಟಕ್ಕೆ ಒಂದು ಕೈ ಕೊಟ್ಟು, ಧಾರೆಯನ್ನು ಸಣ್ಣಗೆ ಬಿಡುತ್ತಿದ್ದಳು. ಮಣ್ಣು ಚುಂಯ್ ಎಂದು ಕುಡಿಯುತ್ತಿತ್ತು. ವಾಸನೆ ಏಳುತ್ತಿತ್ತು. ಅದರ ಜೊತೆಗೆ ಮಂತ್ರದ ಹಾಗೆ ಅವಳ ಬೈಗುಳ, ಓಣಿಯವರಿಗೆಲ್ಲ ಕೇಳುವಷ್ಟು ಜೋರು: "ಒಂದು ಹೂ ಬಿಡು ನಮ್ಮವ್ವ. ಇಕಿನ್ನ ಕಳಿಸಿ ನಾನೂ ಕಾಲು ಚಾಚಿ ಮಲಗತೀನಿ." ಆಚೆ ಗೋಡೆಯ ಹೆಂಗಸು ಇಣುಕಿ, "ಏನಂತೈತಬೇ ಯಮ್ಮಾ ನಿನ್ನ ಗಡ್ಡಿ?" ಎಂದು ಕೇಳುವಳು. "ನನ್ನ ಮಗಳಂಗ ಮೊಂಡ ಐತಿ," ಎಂದು ಆಯಿ ಅನ್ನುವಳು. ಅತ್ತೆ ಅಲ್ಲೇ ಪಾತ್ರೆ ತಿಕ್ಕುತ್ತ ಕೂತಿರುತ್ತಿದ್ದಳು. ಕೇಳಿಸಿಕೊಂಡಳೋ ಇಲ್ಲವೋ ಮುಖದಿಂದ ಗೊತ್ತಾಗುತ್ತಿರಲಿಲ್ಲ. ತಾಯಿ ಮಗಳ ನಡುವೆ ಉಪ್ಪು ಕೊಡು, ಹಿಟ್ಟು ತೆಗಿ ಎಂಬುದರಾಚೆ ಮಾತು ನಿಂತು ಹೋಗಿತ್ತು.

ನೀರಿಗೆ ಗಡ್ಡೆ ಉತ್ತರ ಕೊಟ್ಟಿತು. ಮಡ್ಡಿಯ ಮೇಲೆ ಹುಲ್ಲು ಕೂಡ ಬೂದಿ ಬಣ್ಣಕ್ಕೆ ತಿರುಗಿದ್ದಾಗ ನಮ್ಮ ಹಿತ್ತಲಲ್ಲಿ ಅದು ಹಚ್ಚಗೆ ಎಲೆ ಹಾಕಿತು. ದೊಡ್ಡಪ್ಪನಿಗೆ ಖುಷಿ. "ಎಲಿ ಬಂತು, ಇನ್ನೇನು ಹೂ ಬರತೈತಿ," ಎಂದು ಗಂಗಾವತಿಗೆ ಹೋಗುವವರ ಕೈಯಲ್ಲಿ ಹೇಳಿಕಳಿಸಿದ. ಎಲೆಯ ಮೇಲೆ ಎಲೆ ಬಂತು. ಬೇಸಿಗೆ ಹೋಯಿತು, ಮಳೆ ಬಂತು, ಹೂವಿಲ್ಲ. ಹಸುರು ಹೆಚ್ಚಾದಷ್ಟೂ ನಂಬಿಕೆ ಹೆಚ್ಚಾಯಿತು. ಮುಂದಿನ ಸಲ ಖಂಡಿತ ಎಂದು ಎಲ್ಲರೂ ಅಂದರು. ಮಕ್ಕಳ ಚರ್ಚಾಸ್ಪರ್ಧೆಗಳಿಗೆ ತೀರ್ಪುಗಾರಳಾಗಿ ಕೂತಾಗ ಇಂಥ ವಾದಕ್ಕೆ ನಾನು ಮುಂದೆ ಎಷ್ಟೋ ಸಲ ಅಂಕ ಕತ್ತರಿಸಿದ್ದೇನೆ. ತಮ್ಮ ಮಾತಿಗೆ ವಿರುದ್ಧವಾದ ಸಾಕ್ಷಿಯನ್ನೇ ಎತ್ತಿ ತೋರಿಸಿ ಗೆದ್ದೆವು ಅನ್ನುವವರ ವಾದ ಅದು.

ಎರಡನೆಯ ಬೇಸಿಗೆಯ ರಜೆಯಲ್ಲಿ ನಾನು ಆ ಸಾಕ್ಷಿಯನ್ನು ಕೈಯಲ್ಲೇ ಹಿಡಿದು ತಂದೆ. ದೊಡ್ಡಪ್ಪನ ಎಮ್ಮೆ ಮಡ್ಡಿ ಕಡೆ ತಪ್ಪಿಸಿಕೊಂಡಿತ್ತು. ಹುಡುಕಿಕೊಂಡು ಹೋದವಳು ಹೊತ್ತು ಮುಳುಗುವಾಗ ಒಂದು ದಿಬ್ಬ ಹತ್ತಿದೆ. ಮುಂದೆ ನೆಲದ ತುಂಬ ಕಡ್ಡಿಗಳು ನಿಂತಿದ್ದವು, ಎಲೆಯಿಲ್ಲ, ನೀರಿಲ್ಲ, ನೆರಳಿಲ್ಲ, ಬರೀ ಹೂ. ಅದೇ ಗಡ್ಡೆ. ಬುಡ ಕೆದರಿ ನೋಡಿದೆ, ಅನುಮಾನವೇ ಇರಲಿಲ್ಲ. ಎಮ್ಮೆ ಮರೆತೇ ಹೋಯಿತು. ಒಂದು ಕಡ್ಡಿ ಮುರಿದುಕೊಂಡು ಓಡಿದೆ. ಅಡುಗೆಮನೆಯಲ್ಲಿ ಆಯಿ ಒಲೆಯ ಮುಂದೆ ಕೂತಿದ್ದಳು, ಅತ್ತೆ ಮರದ ಕೊಣಮಿಗೆಯಲ್ಲಿ ಹಿಟ್ಟು ನಾದಿ ರೊಟ್ಟಿ ಬಡಿಯುತ್ತಿದ್ದಳು. "ಆಯಿ, ಅಡವಿ ಉಳ್ಳಾಗಡ್ಡಿ ಹೂ! ಮಡ್ಡಿ ತುಂಬ ಬಿಟ್ಟೈತಿ, ನೀರಿಲ್ಲದನ ಬಿಟ್ಟೈತಿ!" ಅಂದೆ. ರೊಟ್ಟಿಯ ಸದ್ದು ನಿಂತಿತು.

ಆಯಿ ಕಡ್ಡಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದಳು. "ಇದು ಬ್ಯಾರೆ," ಅಂದಳು. ಎರಡಾಗಿ ಮುರಿದು ಒಲೆಗೆ ಹಾಕಿದಳು. ಹಸಿ ಕಡ್ಡಿ ಚಟಪಟ ಅಂದು ಕಟುವಾದ ಹೊಗೆ ಬಂತು. ನಾನು ಬಿಡಲಿಲ್ಲ. ಹೇಗೆ ಬೇರೆ, ಎಲ್ಲಿ ಬೇರೆ, ಗಡ್ಡಿ ತಂದು ತೋರಿಸಲೇನು ಎಂದು ಕೇಳುತ್ತಲೇ ಇದ್ದೆ. ಆಯಿ ನನ್ನ ಕಡೆ ನೋಡದೆ, "ದೊಡ್ಡಪ್ಪನ ಮುಂದ ಇದನ್ನ ಒದರಿಗಿದರಿ ಮತ್ತ. ಎಮ್ಮಿ ಎಲ್ಲಿ ಬಿಟ್ಟು ಬಂದಿ ಅದನ್ನ ಹೇಳು ಮದ್ಲು," ಅಂದಳು. ಅತ್ತೆ ಅಷ್ಟು ಹೊತ್ತಿಗೆ ರೊಟ್ಟಿಯನ್ನು ಹೆಂಚಿಗೆ ಹಾಕಿ, ಶಾಂತವಾಗಿ ಹೇಳಿದಳು: "ಕೈ ತೊಳಕೊ ಹೋಗ ವಕೀಲಿ. ಅದರ ರಸ ತುರಸ್ತೈತಿ." ನನ್ನ ಬದುಕಿನ ಮೊದಲ ವಾದದಲ್ಲಿ ನಾನು ಸೋತೆ. ಎದುರಾಳಿ ಸಾಕ್ಷಿಯನ್ನೇ ಸುಟ್ಟುಹಾಕಿದ್ದಳು.

ಕೆಲವು ಸಂಗತಿಗಳು ತಾವಾಗಿಯೇ ಮುಗಿಯುತ್ತವೆ. ಗಂಗಾವತಿ ಕಡೆಯವರು ಬರುವುದು ಕಡಿಮೆ ಮಾಡಿದರು. ಆ ಮನೆಯಲ್ಲಿ ಇನ್ನೊಬ್ಬಳಿಗೆ ಮಗುವಾಯಿತು. ದೊಡ್ಡಪ್ಪನ ಮಗಳಿಗೆ ಇರಕಲ್ಲಗಡದ ಗಂಡು ಗೊತ್ತಾಯಿತು, ಯಾರೂ ಮೂಗು ಮುರಿಯಲಿಲ್ಲ. ಊರ ಶಾಲೆಗೆ ಬಿಸಿಯೂಟ ಬಂದಾಗ ಅತ್ತೆ ಅಡುಗೆಯವಳಾಗಿ ಸೇರಿದಳು. ಮಕ್ಕಳಿಲ್ಲ ಎಂದು ಗಂಡ ಬಿಟ್ಟವಳ ಸುತ್ತ ತಟ್ಟೆ ಹಿಡಿದ ಮಕ್ಕಳ ಗಲಾಟೆ. ಆಯಿ ಮಾತ್ರ ನೀರು ಹಾಕುವುದನ್ನು ನಿಲ್ಲಿಸಲಿಲ್ಲ, ಬೈಯುವುದನ್ನೂ ನಿಲ್ಲಿಸಲಿಲ್ಲ. ನಾನು ಕೊಪ್ಪಳದಲ್ಲಿ ಪಿಯುಸಿ ಓದುತ್ತಿದ್ದಾಗ, ಚಳಿಗಾಲದಲ್ಲಿ, ಆಯಿ ಮಲಗಿದವಳು ಏಳಲಿಲ್ಲ. ತಾಮ್ರದ ಚೆಂಬು ಹಿತ್ತಲಿನ ಕಟ್ಟೆಯ ಮೇಲೆ ಕಂದಿತು. ಎಲೆಗಳು ಒಣಗಿದವು. ಬೇಸಿಗೆಗೆ ನಾನು ಊರಿಗೆ ಬಂದಾಗ ಮುರಿದ ಗೋಡೆಯ ಬುಡದಲ್ಲಿ, ಬೋಳು ನೆಲದಲ್ಲಿ, ಆ ಕಡ್ಡಿ ನಿಂತಿತ್ತು.

ಸಂಜೆ ಹೂ ಅರಳಿದವು. ದೊಡ್ಡಪ್ಪ ನೋಡಿ, ಟವೆಲ್ಲು ಹೆಗಲಿನಿಂದ ತೆಗೆದು ಕೈ ಮುಗಿದ. "ಅವ್ವ ಬಂದಾಳ," ಅಂದ. ಕಥೆ ಹುಟ್ಟಿದ್ದು ಆ ಗಳಿಗೆಯಲ್ಲಿ, ನನ್ನ ಕಣ್ಣೆದುರಿಗೇ. ಆಚೆ ಗೋಡೆಯ ಹೆಂಗಸು ಇಣುಕಿ, ಹಳೆಯ ಮಾತು ನೆನಪಿಟ್ಟುಕೊಂಡಿದ್ದ ಒಬ್ಬಳೇ ಒಬ್ಬಳು, ನಗುತ್ತ ಕೇಳಿದಳು: "ಹೂ ಬಿಟ್ಟತಲ್ಲಬೇ ನೀಲವ್ವ, ಗಂಟು ಕಟ್ಟತೀಯೇನು?" ಅತ್ತೆ ತಿರುಗಿ ಕೂಡ ನೋಡಲಿಲ್ಲ. "ಎಲ್ಲಿಗಿ? ಒಲಿ ಮ್ಯಾಲೆ ಸಾರು ಐತಿ," ಅಂದು ಒಳಗೆ ಹೋದಳು. ದೊಡ್ಡಪ್ಪ ಕೇಳಿಸದವನ ಹಾಗೆ ಕೈ ಮುಗಿದೇ ನಿಂತಿದ್ದ.

ಈಗ ಆ ಮನೆ ಇಲ್ಲ. ಅಣ್ಣತಮ್ಮಂದಿರು ಪಾಲಾದರು, ಪಡಸಾಲೆಯ ನಡುವೆ ಗೋಡೆ ಬಂತು, ಆಮೇಲೆ ಎರಡೂ ಪಾಲು ಮಾರಿಹೋದವು. ಮಾಳಿಗೆಯ ಮಣ್ಣು ಟ್ರ್ಯಾಕ್ಟರಿನಲ್ಲಿ ಹೋಯಿತು. ಬೆಳಕಿಂಡಿ ಇದ್ದ ಜಾಗದಲ್ಲಿ ಈಗ ಹಿಟ್ಟಿನ ಗಿರಣಿಯ ತಗಡು. ಯಾರದೂ ತಪ್ಪಲ್ಲ, ಮನೆಗಳು ಹೀಗೇ ಮುಗಿಯುತ್ತವೆ. ಕೆಡವುವ ಮೊದಲು ಅತ್ತೆ ಗಡ್ಡೆಯನ್ನು ಅಗೆದಳು, ಅದರ ಮಗ್ಗುಲಲ್ಲಿ ಒಂದು ಮರಿಗಡ್ಡೆ ಹುಟ್ಟಿತ್ತು. ಎರಡನ್ನೂ ತಂದು ನನಗೆ ಕೊಟ್ಟಳು, ಆಮೇಲೆ ತಾನೂ ನನ್ನ ಜೊತೆಗೇ ಇರಲು ಬಂದಳು. ನಾನು ಸುಮ್ಮನೆ ನೆಡುವವಳಲ್ಲ. ಮರಿ ದೊಡ್ಡದಾಗುವವರೆಗೆ ಕಾದು, ಒಂದಕ್ಕೆ ಬೇಸಿಗೆಯಲ್ಲೂ ದಿನಾ ನೀರು ಹಾಕಿದೆ, ಇನ್ನೊಂದನ್ನು ಮಳೆಗೆ ಬಿಟ್ಟೆ. ನೀರು ಕುಡಿದದ್ದು ಎಲೆ ಕೊಟ್ಟಿತು. ಒಣಗಿದ್ದು ಹೂ ಕೊಟ್ಟಿತು. ಮುಂದಿನ ವರ್ಷ ಅದಲು ಬದಲು ಮಾಡಿದೆ. ಆಗಲೂ ಅಷ್ಟೇ. ಅಲ್ಲಿಗೆ ಆಯಿ ಹೂವಾಗಿ ಬಂದಳೆಂಬ ಕಥೆ ಮುಗಿಯಿತು. ಹೂ ಬಂದದ್ದು ನೀರು ಹಾಕುವವಳು ಸತ್ತಿದ್ದರಿಂದ.

ಆದರೆ ಒಂದು ಕಥೆಯನ್ನು ಕೊಂದರೆ ಇನ್ನೊಂದು ಎದ್ದು ಕೂರುತ್ತದೆ. ಆಯಿಗೆ ಗೊತ್ತಿತ್ತೇ? ಪರವೂ ನಾನೇ, ವಿರೋಧವೂ ನಾನೇ ಆಗಿ ಎಷ್ಟೋ ಸಲ ವಾದಿಸಿದ್ದೇನೆ. ಗೊತ್ತಿರಲಿಲ್ಲ ಅನ್ನಲು ಕಾರಣಗಳಿವೆ. ಮಗ ಹೇಳಿದ, ಬೀಗರು ಹೇಳಿದರು, ಹಾಕಿದಳು. ಬೇಕಿಲ್ಲದ ವರ್ಷಗಳಲ್ಲೂ ಹಾಕಿದಳು ಅಂದರೆ ಬರೀ ರೂಢಿ. ಬೈಗುಳವೂ ನಾಟಕದ್ದಲ್ಲ, ಅದರಲ್ಲಿ ನಿಜವಾದ ದಣಿವಿತ್ತು. ಗೊತ್ತಿತ್ತು ಅನ್ನಲು ನನ್ನ ಹತ್ತಿರ ಇರುವುದು ಆಯಿಯ ಕಾಲು. ಅವಳ ಅಂಗಾಲಿನಲ್ಲಿ ಆಣಿ ಇತ್ತು. ಅತ್ತೆ ತಿರುಗಿ ಬರುವುದಕ್ಕೂ ಮೊದಲು, ಪ್ರತಿ ಬೇಸಿಗೆ ಆಯಿ ಮಡ್ಡಿಗೆ ಹೋಗಿ ಅಡವಿ ಉಳ್ಳಾಗಡ್ಡಿ ಅಗೆದು ತಂದು, ಬೂದಿಯಲ್ಲಿ ಸುಟ್ಟು, ಬಿಸಿ ಇರುವಾಗಲೇ ಆಣಿಗೆ ಕಟ್ಟುತ್ತಿದ್ದಳು. ಬೇಸಿಗೆಯಲ್ಲಿ ಆ ಗಡ್ಡೆಗೆ ಎಲೆಯಿರುವುದಿಲ್ಲ. ಅದು ಎಲ್ಲಿದೆ ಎಂದು ತೋರಿಸುವುದು ಹೂವಿನ ಕಡ್ಡಿ ಒಂದೇ. ಹಾಗಿದ್ದರೆ ಆಯಿ ಏನು ನೋಡಿ ಅಗೆಯುತ್ತಿದ್ದಳು?

ಇಲ್ಲಿಯವರೆಗೆ ನನ್ನ ವಾದ ಆಯಿಯ ಬಗ್ಗೆ ಮಾತ್ರ ಇತ್ತು. ಅತ್ತೆಯನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ತಾಯಿ ತನ್ನನ್ನು ಕಳಿಸಲು ನೀರು ಹಾಕುತ್ತಿದ್ದಾಳೆ ಎಂದು ನಂಬಿ, ಒಳಗೊಳಗೇ ನೊಂದು, ಮಾತು ಬಿಟ್ಟ ಮಗಳು ಎಂದುಕೊಂಡಿದ್ದೆ. ಎಂದಾದರೊಂದು ದಿನ ನನ್ನ ಪ್ರಯೋಗದ ಫಲಿತಾಂಶ ಹೇಳಿ, ನಿನ್ನ ಅವ್ವ ನಿನ್ನನ್ನು ಉಳಿಸಿಕೊಂಡಳು ಎಂದು ಸಮಾಧಾನ ಮಾಡಬೇಕು ಎಂದೂ ಇತ್ತು. ಅಷ್ಟರಲ್ಲಿ ಮೊನ್ನೆ ಪಕ್ಕದ ಮನೆಯಾಕೆ ಬಕೆಟ್ ಎತ್ತಿದಳು. ಹುಣಸೆಬೀಜ ಕೈಯಲ್ಲಿ ಹಿಡಿದೇ ಅತ್ತೆ ಹೇಳಿದ್ದು ಇಷ್ಟು: "ಅದಕ್ಕ ನೀರು ಹಾಕಬ್ಯಾಡ್ರಿ ತಂಗಿ. ಬ್ಯಾಸಗ್ಯಾಗ ನೀರು ಕುಡದ್ರ ಅದು ಹೂ ಬಿಡೂದಿಲ್ಲ. ಸಣ್ಣಾಕಿ ಇದ್ದಾಗ ಕುರಿ ಕಾಯಾಕ ಹೋದಾಗಿಂದ ನೋಡೀನಿ."

ಸಣ್ಣವಳಿದ್ದಾಗಿನಿಂದ. ಹಾಗಾದರೆ ಹಿರಿಯರ ಮುಂದೆ ಮಾತು ಕೊಟ್ಟ ದಿನ ಅವಳಿಗೆ ಗೊತ್ತಿತ್ತು, ಬೇಸಿಗೆ ಬಂದರೆ ಆ ಗಡ್ಡೆ ಹೂ ಬಿಟ್ಟೇ ಬಿಡುತ್ತದೆ ಎಂದು. ಅವಳು ಬೇಡಿದ್ದು ಆ ಬೇಸಿಗೆಯವರೆಗಿನ ಬಿಡುವು ಮಾತ್ರ. ಅಣ್ಣನ ಮರ್ಯಾದೆಗಾಗಿ ಗಂಡನ ಮನೆಗೆ ಹೋಗಲು ಅವಳು ಸಿದ್ಧಳಿದ್ದಳು. ಆಮೇಲೆ ಮರುದಿನ ಮುಂಜಾನೆ ಅವಳ ತಾಯಿ ಚೆಂಬು ಹಿಡಿದು, ಬೈಯುತ್ತ, ಹಿತ್ತಲಿಗೆ ಬಂದಳು.

ಪಕ್ಕದ ಮನೆಯಾಕೆ ಹೋದ ಮೇಲೆ ನಾನು ಅತ್ತೆಯ ಪಕ್ಕದಲ್ಲಿ ಕೂತೆ. ಒದ್ದೆ ಮಣ್ಣಿನ ವಾಸನೆ ಇನ್ನೂ ಇತ್ತು. ಅತ್ತೆ ಹುಣಸೆಯ ನಾರು ಎಳೆಯುತ್ತಿದ್ದಳು, ಬೀಜ ಒಂದು ಕಡೆ, ಹಣ್ಣು ಒಂದು ಕಡೆ. ಇಷ್ಟು ವರ್ಷ ಆಯಿಗೆಂದು ಇಟ್ಟುಕೊಂಡಿದ್ದ ಪ್ರಶ್ನೆ ಬೇರೆ ಕಡೆ ತಿರುಗಿತು. "ಅತ್ತಿ," ಅಂದೆ. ಹ್ಞೂಂ ಅಂದಳು, ತಲೆ ಎತ್ತಲಿಲ್ಲ.

"ಆಯಿ ದಿನಾ ನೀರು ಹಾಕೂ ಮುಂದ ನೀ ಅಲ್ಲೇ ಕುಂತಿರತಿದ್ದಿ. ಒಂದು ದಿನರ ಯಾಕ ಬ್ಯಾಡ ಅನ್ನಲಿಲ್ಲ?"